ಕೆಟ್ಟಿದ್ದು ತಂತಿಯಲ್ಲ

ಅವರ ಮುಖ ನೋಡುವುದಕ್ಕೆ ಎಷ್ಟೋ ತಿಂಗಳು ಮೊದಲೇ ಅವರ ದನಿ ನನಗೆ ಪರಿಚಯವಾಗಿತ್ತು. ತೊಂಬತ್ತರ ದಶಕದ ನಡುವಿನಲ್ಲಿ ನಾನು ಬಸವಕಲ್ಯಾಣದ ದೂರವಾಣಿ ಕೇಂದ್ರಕ್ಕೆ ಕಿರಿಯ ಇಂಜಿನಿಯರಾಗಿ ಸೇರಿದಾಗ ಅವರು ಹುಮನಾಬಾದ್ ಕೇಂದ್ರದ ಮುಖ್ಯಸ್ಥೆ. ಎರಡು ಕೇಂದ್ರಗಳ ನಡುವೆ ಸಿಬ್ಬಂದಿಯ ಮಾತಿಗೆಂದೇ ಒಂದು ಫೋನಿತ್ತು. ಡಯಲ್ ಇಲ್ಲ, ಗುಂಡಿ ಇಲ್ಲ. ಈ ಕಡೆ ಎತ್ತಿದರೆ ಆ ಕಡೆ ಗಂಟೆ ಹೊಡೆಯುತ್ತಿತ್ತು. ಸೇರಿದ ಹೊಸದರಲ್ಲಿ ಒಂದು ಬೆಳಿಗ್ಗೆ ಅದನ್ನು ಎತ್ತಿ, "ಮೇಡಂ, ಒಂದು ಲೈನ್ ಹೋಗ್ಯದ್ರಿ" ಎಂದೆ.

"ಎಲ್ಲಿಗಿ ಹೋಗ್ಯದ?"

"ಅಂದ್ರ, ಕೆಟ್ಟದ್ರಿ" ಎಂದೆ.

"ಹೋಗ್ಯದ, ಕೆಟ್ಟದ, ಸತ್ತದ, ಇವೆಲ್ಲಾ ಮಂದಿ ಮಾತು. ನೀವು ಇಂಜಿನಿಯರ್ ಇದ್ದೀರಿ. ಅದು ಈಗ ಏನ್ ಮಾಡಾಕತ್ತದ, ಅದನ್ನ ಹೇಳ್ರಿ. ಸಪ್ಪಳ ಬರಾಕತ್ತದೇನು? ಒಂದ ಕಡಿ ಅಷ್ಟ ಕೇಳಸ್ತದೇನು? ನೋಡಿ ಬಂದು ಮತ್ತ ಎತ್ರಿ."

ನೋಡಿ ಬಂದು ಮತ್ತೆ ಎತ್ತಿದೆ. ಅಷ್ಟರೊಳಗೆ ದೋಷ ಎಲ್ಲಿದೆಯೆಂದು ನನಗೇ ಗೊತ್ತಾಗಿಬಿಟ್ಟಿತ್ತು. "ಮತ್ತ ನನಗ್ಯಾಕ ಫೋನ್ ಮಾಡಿದ್ರಿ?" ಎಂದು ನಕ್ಕು ಇಟ್ಟುಬಿಟ್ಟರು. ನನ್ನ ಕಾಲೇಜಿನ ನಾಲ್ಕು ವರ್ಷಗಳಲ್ಲಿ ಯಾರೂ ಇಷ್ಟು ಚಿಕ್ಕ ಪಾಠ ಹೇಳಿಕೊಟ್ಟಿರಲಿಲ್ಲ.

ಕಳೆದ ತಿಂಗಳು ಅವರು ನಿವೃತ್ತರಾದರು. ಸಮಾರಂಭದಲ್ಲಿ ನನ್ನನ್ನೂ ಮಾತಿಗೆ ಕರೆದರು. ಶಾಲು, ಹಾರ, ಹಣ್ಣಿನ ಬುಟ್ಟಿಗಳ ನಡುವೆ ನಿಂತು ಏನೋ ಎರಡು ಮಾತು ತೊದಲಿ ಇಳಿದುಬಂದೆ. ಹೇಳಬೇಕಾಗಿದ್ದದ್ದು ಬೇರೆಯೇ ಇತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆದರೆ ಜಗಳಕ್ಕೆ ಬರುತ್ತಾರೆ, ಹಾಗಾಗಿ ಹೆಸರಿಲ್ಲ. ನಮಗೆಲ್ಲ ಅವರು ಬರೀ ಮೇಡಂ. ಲೈನಿನ ಮೇಲೆ ಕೆಲಸ ಮಾಡುವವರಿಗೆ ಅಕ್ಕೋರು.

ಆ ದನಿಗೆ ತಕ್ಕ ಎತ್ತರದ, ದೊಡ್ಡ ಮೈಕಟ್ಟಿನ ಹೆಂಗಸನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಮೊದಲ ಸಲ ಹುಮನಾಬಾದಿಗೆ ಹೋದೆ. ಎದುರಿಗೆ ನಿಂತವರು ನನ್ನ ಭುಜಕ್ಕೂ ಬರುತ್ತಿರಲಿಲ್ಲ. ಗಂಜಿ ಹಾಕಿದ ಹತ್ತಿ ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು. ಸೀರೆಯ ಮೇಲೆ ಬೂಟೇ ಎಂದು ಯಾರೋ ನಕ್ಕಾಗ, "ಏಣಿ ಹತ್ತಾಗ ಸೀರಿ ತಕರಾರ್ ಮಾಡಂಗಿಲ್ಲ, ಚಪ್ಪಲ್ ಮಾಡ್ತದ" ಎಂದರಂತೆ. ಹುಟ್ಟಿದ್ದು ಹುಲಸೂರಿನಲ್ಲಿ, ಬೆಳೆದದ್ದು ಬಸವಕಲ್ಯಾಣದಲ್ಲಿ, ತಂದೆಯ ಪಾತ್ರೆ ಅಂಗಡಿಯಲ್ಲಿ. ಸಿಟ್ಟು ಬಂದರೆ ಮರಾಠಿ, ಲೆಕ್ಕ ಮಾಡುವಾಗ ಹಿಂದಿ, ಉಳಿದಂತೆ ನಮ್ಮ ಬೀದರ ಕಡೆಯ ಕನ್ನಡ.

ವಿನಯ ಅವರ ಸ್ವಭಾವದಲ್ಲಿ ಇರಲಿಲ್ಲ. "ಡಿಪ್ಲೊಮಾದಾಗ ಫಸ್ಟ್ ಬಂದಾಕಿ ನಾ. ಗಂಡುಡುಗ್ರೆಲ್ಲಾ ನನ್ನ ಹಿಂದ" ಎಂದು ಹೊಸಬರಿಗೆ ಮೊದಲ ದಿನವೇ ಹೇಳುತ್ತಿದ್ದರು. ಮೇಲಧಿಕಾರಿಗಳಿಗೂ ಹೇಳಿದ್ದನ್ನು ನಾನು ಕೇಳಿದ್ದೇನೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗಲೂ ಅಷ್ಟೇ: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲರ ಕೈಗೂ ಹಾಕಿ, "ಹ್ಯಾಂಗದ? ಇಂಥಾದ್ದು ನಿಮ್ಮನ್ಯಾಗ ಆಗ್ತದೇನ್ರಿ?" ಎಂದು ಕೇಳುವರು. ಆಗುವುದಿಲ್ಲ ಎಂದು ಎಲ್ಲರೂ ಒಪ್ಪಿಕೊಳ್ಳಬೇಕಿತ್ತು.

ಹುಮನಾಬಾದಿಗೆ ಎಲೆಕ್ಟ್ರಾನಿಕ್ ಕೇಂದ್ರ ಬಂದ ಕಾಲದ್ದೊಂದು ಸಂಗತಿ ಹೇಳುತ್ತಾರೆ. ಅದಕ್ಕೂ ಮುಂಚೆ ಟ್ರಂಕ್ ಕರೆ ಜೋಡಿಸುತ್ತಿದ್ದ ಆಪರೇಟರ್ ಹೆಂಗಸರಿಗೆ ಹೊಸ ಯಂತ್ರದ ಕೋಣೆಯೊಳಗೆ ಪ್ರವೇಶವಿರಲಿಲ್ಲ. ಧೂಳು, ಒದ್ದೆ ಕೈ, ಏನೇನೋ ಕಾರಣ. ಮೇಡಂ ಅವರನ್ನೆಲ್ಲ ಒಳಗೆ ಕರೆದೊಯ್ದು, ಯಂತ್ರದ ಪ್ರತಿ ಸಾಲಿಗೂ ಮುಂಗೈ ಇಟ್ಟು ನೋಡಲು ಹೇಳಿದರು. "ಕೂಸಿಗಿ ಜ್ವರ ನೋಡ್ತೀರಲ್ಲ, ಹಂಗ. ದಿನಾ ನೋಡಿದ್ರ ಯಾವದು ಎಷ್ಟು ಬಿಸಿ ಇರ್ತದ ಅಂತ ಕೈಗಿ ಗೊತ್ತಾಗ್ತದ. ಒಂದಿನ ಹೆಚ್ಚಿಗಿ ಬಿಸಿ ಆದ್ರ ನನಗ ಹೇಳ್ರಿ." ಅವರಲ್ಲಿ ಇಬ್ಬರು ಮುಂದೆ ಪರೀಕ್ಷೆ ಕಟ್ಟಿ ತಾಂತ್ರಿಕ ಹುದ್ದೆಗೆ ಬಂದರು. ಆ ಇಬ್ಬರ ಬಗ್ಗೆ ಹೇಳುವಾಗಲೂ ಮೇಡಂ ತಮ್ಮ ಫಸ್ಟ್ ಬಂದ ಕತೆಯನ್ನು ಸೇರಿಸಿಯೇ ಹೇಳುತ್ತಿದ್ದರು.

ಇಷ್ಟು ಆತ್ಮವಿಶ್ವಾಸವಿದ್ದವರಿಗೆ ಇರುವ ದೋಷ ಅವರಲ್ಲೂ ಇತ್ತು. ತೀರ್ಮಾನಕ್ಕೆ ಬೇಗ ಬರುತ್ತಿದ್ದರು. ಬಹಳ ಸಲ ಆ ತೀರ್ಮಾನ ಸರಿಯೇ ಇರುತ್ತಿದ್ದುದರಿಂದ ಯಾರೂ ಅದನ್ನು ದೋಷ ಎಂದುಕೊಂಡಿರಲಿಲ್ಲ. ಅವರೂ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕೇಂದ್ರಗಳಿಗೆ ಮಾತಿನ ಜೊತೆ ಕಂಪ್ಯೂಟರುಗಳ ಮಾಹಿತಿಯನ್ನು ಸಾಗಿಸುವ ಕೆಲಸವೂ ಬಂತು. ಬಸವಕಲ್ಯಾಣದ ತಾಲ್ಲೂಕು ಕಚೇರಿ, ಬ್ಯಾಂಕು, ಇನ್ನೂ ಕೆಲವು ಕಚೇರಿಗಳು ಹುಮನಾಬಾದಿನ ಮೂಲಕ ಜಿಲ್ಲೆಗೆ ಜೋಡಣೆಯಾದವು. ಎರಡೂ ಕೇಂದ್ರಗಳಲ್ಲಿ ಇದಕ್ಕಾಗಿ ಒಂದೊಂದು ಹೊಸ ಪೆಟ್ಟಿಗೆ ಬಂದು ಕೂತಿತು. ನಮ್ಮ ದೇಶದಲ್ಲೇ ವಿನ್ಯಾಸ ಮಾಡಿ ತಯಾರಿಸಿದ್ದು ಎಂಬ ಹೆಮ್ಮೆ ಬೇರೆ.

ಆ ಪೆಟ್ಟಿಗೆಯ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಕಂಪ್ಯೂಟರ್ ಕಳಿಸುವ ಮಾಹಿತಿ ತುಂಡುತುಂಡಾಗಿ ಬರುತ್ತದೆ. ಆ ತುಂಡಿಗೆ ಪ್ಯಾಕೆಟ್ ಎನ್ನುತ್ತೇವೆ. ಒಳಗೆ ಬಂದ ಪ್ಯಾಕೆಟ್ಟು ಮುಂದಿನ ದಾರಿ ಬಿಡುವಾಗುವವರೆಗೆ ಪೆಟ್ಟಿಗೆಯ ಮೆಮೊರಿಯಲ್ಲಿ ಕಾಯಬೇಕು. ಕಾಯುವ ಆ ಜಾಗವೇ ಬಫರ್. ಮೆಮೊರಿಯನ್ನು ಒಂದೇ ಅಳತೆಯ ಪುಟ್ಟ ಖಾನೆಗಳಾಗಿ ಹಂಚಿರುತ್ತಾರೆ. ಸಣ್ಣ ಪ್ಯಾಕೆಟ್ಟಿಗೆ ಒಂದು ಖಾನೆ ಸಾಕು. ದೊಡ್ಡದಕ್ಕೆ ಹಲವು ಖಾನೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೊಡಬೇಕು. ಪ್ಯಾಕೆಟ್ಟು ಮುಂದಕ್ಕೆ ಹೋದೊಡನೆ ಖಾನೆಗಳು ಖಾಲಿಯಾಗಿ ಬೇರೊಂದರ ಉಪಯೋಗಕ್ಕೆ ಬರುತ್ತವೆ.

ಆ ವರ್ಷ ಮಳೆಗಾಲ ಹಿಡಿದದ್ದೇ ಲೈನು ಬೀಳತೊಡಗಿತು, ಅಂದರೆ ಕಂಪ್ಯೂಟರುಗಳ ಸಂಪರ್ಕ ಕಡಿದುಹೋಗತೊಡಗಿತು. ಬಿತ್ತನೆಯ ಸಮಯ. ಸರ್ಕಾರಿ ಬೀಜ ಬೇಕೆಂದರೆ ಪಹಣಿ ಬೇಕು, ಪಹಣಿ ಬೇಕೆಂದರೆ ತಾಲ್ಲೂಕು ಕಚೇರಿಯ ಕಂಪ್ಯೂಟರ್ ಓಡಬೇಕು. ಮಂಠಾಳ, ಗೋರ್ಟಾ ಕಡೆಯಿಂದ ಮುಂಜಾನೆಯೇ ಬಂದ ರೈತರು ಕಿಟಕಿಯ ಮುಂದೆ ಮಧ್ಯಾಹ್ನದವರೆಗೆ ನಿಂತು ಬರಿಗೈಯಲ್ಲಿ ಹೋಗುತ್ತಿದ್ದರು. ನಾನು ಪೆಟ್ಟಿಗೆಯ ಸ್ವಿಚ್ಚು ಆರಿಸಿ ಹಾಕಿದರೆ ಲೈನು ಎದ್ದು ಕೂರುತ್ತಿತ್ತು. ಒಂದೆರಡು ದಿನದಲ್ಲಿ ಮತ್ತೆ ಬೀಳುತ್ತಿತ್ತು.

ಹುಮನಾಬಾದಿನಿಂದ ನಮ್ಮೂರಿನವರೆಗೆ ರಾಜೇಶ್ವರ, ಬಂಗ್ಲಾ ಎಂಬ ಊರುಗಳನ್ನು ದಾಟಿಕೊಂಡು ನೆಲದಡಿಯಲ್ಲಿ ತಾಮ್ರದ ಕೇಬಲ್ ಬರುತ್ತಿತ್ತು. ಮಳೆಗಾಲದಲ್ಲಿ ತಂತಿ ಕೂಡುವ ಜಾಯಿಂಟಿನೊಳಗೆ ನೀರು ಇಳಿದು ಸಪ್ಪಳ ಹುಟ್ಟುವುದು ಹೊಸದಲ್ಲ. ಮೇಡಂ ಕಚೇರಿಯಿಂದಲೇ ಲೈನನ್ನು ಪರೀಕ್ಷಿಸಿದರು, ಸಪ್ಪಳ ಕಂಡಿತು, ವರದಿ ಬರೆದರು: ಕೇಬಲ್ ಜಾಯಿಂಟುಗಳಲ್ಲಿ ದೋಷ, ನಿರ್ವಹಣೆ ಸಾಲದು. ಕೆಳಗೆ ತಮ್ಮ ದೊಡ್ಡ ಅಕ್ಷರದ ಸಹಿ.

ಆ ಕೇಬಲ್ಲಿನ ನಿರ್ವಹಣೆ ಬೀರಪ್ಪನವರದು. ಮಂಠಾಳದ ಲೈನ್‌ಮನ್. ಮನೆತನದಲ್ಲಿ ಕುರಿ ಸಾಕುತ್ತಿದ್ದರು, ಅಣ್ಣತಮ್ಮಂದಿರು ಇನ್ನೂ ಮೇಯಿಸುತ್ತಿದ್ದರು. ಇಲಾಖೆಯ ನೌಕರಿಗೆ ಬಂದ ಮೊದಲಿಗರು ಇವರು. ಮಾತು ಕಡಿಮೆ. ವರದಿ ಹೋದ ಕೆಲವೇ ವಾರಗಳಲ್ಲಿ ಬೀದರಿನಿಂದ ಅವರಿಗೆ ಚಾರ್ಜ್‌ಶೀಟ್ ಬಂತು. ಕರ್ತವ್ಯಲೋಪ. ವಿಚಾರಣೆಯಲ್ಲಿ ಸಾಬೀತಾದರೆ ಬಡ್ತಿ ಹೋಗುತ್ತದೆ, ನೌಕರಿಗೂ ಸಂಚಕಾರ ಬಂದೀತು.

ಬೀರಪ್ಪ ಹುಮನಾಬಾದಿಗೆ ಹೋದ ದಿನ ಯಾವುದೋ ಕೆಲಸಕ್ಕೆ ನಾನೂ ಅಲ್ಲಿದ್ದೆ. ಬೇಡಿಕೊಳ್ಳಲು ಬಂದಿದ್ದಾರೆಂದು ನಾವೆಲ್ಲ ಅಂದುಕೊಂಡೆವು. ಅವರು ಬಾಗಿಲಲ್ಲೇ ನಿಂತು ಒಂದೇ ಮಾತು ಕೇಳಿದರು.

"ಅಕ್ಕೋರ, ನೀವ್ ಬಂದು ನೋಡಿದ್ರೇನ್ರಿ?"

ಮೇಡಂ ಬರೆಯುತ್ತಿದ್ದ ಪೆನ್ನು ನಿಂತಿತು. "ಏನ್ ನೋಡ್ಬೇಕಿತ್ರಿ?"

"ಜಾಯಿಂಟ್. ಮಳಿಗಿಂತ ಮೊದ್ಲ ಎಲ್ಲಾ ಬಿಚ್ಚಿ ಹೊಸದಾಗಿ ಕಟ್ಟೀನ್ರಿ. ನೀವು ಬಂದು ನೋಡಿ ವರದಿ ಬರದಿದ್ರ ನಾ ಸುಮ್ನ ಇರ್ತಿದ್ದೆ."

ಅಷ್ಟು ಹೇಳಿ ಹೋಗಿಬಿಟ್ಟರು. ಮೇಡಂ ತಮ್ಮ ವರದಿಯ ಪ್ರತಿಯನ್ನು ತೆಗೆದು ಮತ್ತೊಮ್ಮೆ ಓದಿದರು. ಆಮೇಲೆ ತಮಗೆ ತಾವೇ ಅಂದುಕೊಂಡಂತೆ, "ಬರಾಬರ್ ಕೇಳ್ಯಾರ" ಎಂದರು.

ಮರುದಿನದಿಂದ ಅವರು ಬೂಟು ಕಟ್ಟಿ ರಸ್ತೆಗಿಳಿದರು. ಬೀರಪ್ಪ ಮುಂದೆ, ಇವರು ಹಿಂದೆ. ಕೇಬಲ್ಲಿನ ಒಂದೊಂದು ಗುಂಡಿಯನ್ನೂ ತೆಗೆಸಿ, ಕೆಸರಿನಲ್ಲಿ ಕೂತು ಜಾಯಿಂಟು ಬಿಚ್ಚಿಸಿ, ಬೆರಳಿಟ್ಟು ನೋಡಿದರು. ಎಲ್ಲವೂ ಒಣಗಿ ಗರಿಗರಿಯಾಗಿದ್ದವು. ರಾಜೇಶ್ವರದ ಹತ್ತಿರ ರಸ್ತೆಬದಿಯ ಹೋಟೆಲಿನವನು ಮೇಡಂ ಸೀರೆಯ ಕೆಸರು ನೋಡಿ, ಏನು ಹುಡುಕುತ್ತಿದ್ದೀರಿ ಎಂದು ಕೇಳಿದ. "ನನ್ನ ಗಲ್ತಿ ಹುಡುಕಾಕತ್ತೇನಪ್ಪ" ಎಂದು ತಮ್ಮ ತಪ್ಪನ್ನು ತಾವೇ ಒಪ್ಪಿಕೊಂಡರಂತೆ. ಬೀರಪ್ಪನವರೇ ಇದನ್ನು ನನಗೆ ಆಮೇಲೆ ಹೇಳಿದ್ದು. ಆ ಮಾತು ಕೇಳಿದ ಮೇಲೆ ತಮ್ಮ ಸಿಟ್ಟೆಲ್ಲ ಇಳಿಯಿತು ಎಂದೂ ಹೇಳಿದರು.

ಸಪ್ಪಳ ಪೂರ್ತಿ ಇಲ್ಲವೆಂದಲ್ಲ. ಹಳೆಯ ತಾಮ್ರ, ಮಳೆಗಾಲದಲ್ಲಿ ಒಂದಿಷ್ಟು ಇದ್ದೇ ಇರುತ್ತದೆ. ಅಳೆದು ನೋಡಿದರೆ ನಿಯಮದಲ್ಲಿ ಒಪ್ಪಿದ ಮಿತಿಯೊಳಗೇ ಇತ್ತು. ಅಷ್ಟು ಸಪ್ಪಳವನ್ನು ತಾಳಿಕೊಳ್ಳುವುದಕ್ಕೇ ಪೆಟ್ಟಿಗೆಯನ್ನು ಮಾಡಿರುವುದು. ಹಾಗಿದ್ದೂ ಲೈನು ಬೀಳುತ್ತಿತ್ತು.

ಒಂದು ಸಂಜೆ ಅವರು ಫೋನಿನಲ್ಲಿ ನನ್ನನ್ನು ಕೇಳಿದರು. "ನೀವು ದಿನಾ ಏನ್ ಮಾಡ್ತೀರಿ, ಲೈನ್ ಬಿದ್ದ ಕೂಡ್ಲೆ?"

"ಪೆಟ್ಟಿಗಿ ಬಂದ್ ಮಾಡಿ ಚಾಲೂ ಮಾಡ್ತೀನ್ರಿ."

"ಆಗ ಸರಿ ಆಗ್ತದ?"

"ಹೌದ್ರಿ, ಆಗಿಂದಾಗ."

"ಮತ್ತ ಜರಾ ವಿಚಾರ ಮಾಡ್ರಿ. ನೀವು ಕೋಣ್ಯಾಗ ಸ್ವಿಚ್ ಒತ್ತಿದ್ರ ಬಂಗ್ಲಾದಾಗಿನ ಕೇಬಲ್ ಹ್ಯಾಂಗ ರಿಪೇರಿ ಆಗ್ತದ?"

ನನ್ನ ಕೈಯಲ್ಲೇ ಎಷ್ಟೋ ಸಲ ನಡೆದದ್ದು ಅದು. ಒಮ್ಮೆಯೂ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

"ಮುಂದಿನ ಸಲ ಬಿದ್ರ ಮುಟ್ಟಬ್ಯಾಡ್ರಿ. ಹಂಗೇ ಬಿಡ್ರಿ. ನಾ ಬಂದು ನೋಡ್ತೀನಿ, ಅದು ಏನ್ ಮಾಡಾಕತ್ತದ ಅಂತ."

ಹೇಳುವುದು ಸುಲಭ. ಲೈನು ಬಿದ್ದದ್ದು ವಾರದ ಮೊದಲ ದಿನ ಬೆಳಿಗ್ಗೆ, ತಾಲ್ಲೂಕು ಕಚೇರಿಯ ಅಂಗಳ ತುಂಬಿದ್ದ ಹೊತ್ತಿನಲ್ಲಿ. ಮೇಡಂಗೆ ತಿಳಿಸಿದೆ. "ಬಸ್ ಹತ್ತಾಕತ್ತೇನಿ. ಯಾರ್ ಬಂದ್ರೂ ಮುಟ್ಟಾಕ ಬಿಡಬ್ಯಾಡ್ರಿ" ಎಂದರು. ತಹಶೀಲ್ದಾರರ ಫೋನು ಬಂತು, ಬ್ಯಾಂಕಿನವರ ಫೋನು ಬಂತು. ಆಮೇಲೆ ರೈತರೇ ನಮ್ಮ ಕೇಂದ್ರಕ್ಕೆ ಬಂದರು. ಅವರಲ್ಲಿ ಗೋರ್ಟಾದ ಒಬ್ಬ ಹಿರಿಯರು ನನ್ನ ಮೇಜಿನ ಮುಂದೆ ನಿಂತು ಕೇಳಿದರು: "ದಿನಾ ನೀವು ಅದೇನೋ ಬಟನ್ ಒತ್ತಿದ್ರ ಚಾಲೂ ಆಗ್ತದಂತಲ್ಲ ತಮ್ಮಾ? ಇವತ್ತ ಯಾಕ ಒತ್ತವಲ್ರಿ?"

ಒತ್ತಿದರೆ ಎಲ್ಲರೂ ಸಮಾಧಾನವಾಗಿ ಹೋಗುತ್ತಿದ್ದರು. ಒತ್ತಿದರೆ ಬೀರಪ್ಪನವರ ನೌಕರಿ ಉಳಿಸುವ ಏಕೈಕ ಸಾಕ್ಷಿಯೂ ಹೋಗುತ್ತಿತ್ತು. ಒಳಗೆ ಏನು ಕೆಟ್ಟಿದೆಯೆಂದು ನೋಡುವವರು ಬಸ್ಸಿನಲ್ಲಿ ಬರುತ್ತಿದ್ದಾರೆ, ಒತ್ತಿದರೆ ಕೆಟ್ಟದ್ದು ಅಡಗಿಕೊಳ್ಳುತ್ತದೆ, ನಾಳೆ ಮತ್ತೆ ನೀವು ಬರಬೇಕಾಗುತ್ತದೆ ಎಂದು ಇದ್ದದ್ದನ್ನೇ ಹೇಳಿದೆ. ಹಿರಿಯರು ನನ್ನ ಮುಖವನ್ನೇ ನೋಡಿದರು. "ನೋಡ್ಲಿ ಹಾಂಗಿದ್ರ" ಎಂದು ಬೆಂಚಿನ ಮೇಲೆ ಕೂತರು. ಅವರು ಕೂತದ್ದು ನೋಡಿ ಉಳಿದವರೂ ಕೂತರು.

ಮೇಡಂ ಬಂದವರೇ ಯಾರನ್ನೂ ಮಾತಾಡಿಸದೆ ಪೆಟ್ಟಿಗೆಯ ಹಿಂದಿನ ಕಿಂಡಿಗೆ ಕಂಪ್ಯೂಟರ್ ಜೋಡಿಸಿದರು. ಬೀರಪ್ಪನವರೂ ಬಂದು ಬಾಗಿಲ ಬಳಿ ನಿಂತರು. ಮೇಡಂ ಒಂದಾದ ಮೇಲೊಂದು ಆದೇಶ ಕೊಟ್ಟು ಪರದೆಯನ್ನು ಓದುತ್ತ ಹೋದರು. ಖಾಲಿ ಖಾನೆ ಎಷ್ಟಿವೆ ಎಂದು ತೋರಿಸುವ ಜಾಗದಲ್ಲಿ ಸೊನ್ನೆ ಇತ್ತು. ಕಾಯುತ್ತಿರುವ ಪ್ಯಾಕೆಟ್ಟುಗಳು ಎಷ್ಟು ಎಂದು ಕೇಳಿದರೆ ಅಲ್ಲೂ ಸೊನ್ನೆ.

ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. "ಖಾಲಿ ಜಾಗ ಒಂದೂ ಇಲ್ಲ. ಕಾಯೋ ಮಂದೀನೂ ಒಬ್ರಿಲ್ಲ. ಹಂಗಾದ್ರ ಜಾಗ ಯಾರ ಹಂತ್ಯಾಕ, ಯಾರ ಕೈಯಾಗ ಅದ?"

ಬೀರಪ್ಪನವರಿಗೆ ಅರ್ಥವಾಗಲಿಲ್ಲ, ಕೇಳಿದರು. ಮೇಡಂ ಎದುರಿನ ಚಹಾದಂಗಡಿ ತೋರಿಸಿದರು. "ಅವನ ಹಂತ್ಯಾಕ ಗಿಲಾಸ್ ಎಷ್ಟ್ ಅವ, ಅಷ್ಟ ಮಂದಿಗಿ ಚಹಾ. ಕುಡದವ್ರು ಗಿಲಾಸ್ ವಾಪಸ್ ಕೊಟ್ರ ಮುಂದಿನವ್ರಿಗಿ ಸಿಗ್ತದ. ಒಬ್ಬೊಬ್ರು ಗೋಡಿ ಮ್ಯಾಲ, ಗ್ಯಾರೇಜ್‌ದಾಗ ಇಟ್ಟು ಹೋದ್ರಂತ ತಿಳೀರಿ. ಸಂಜಿಗಿ ಚಹಾ ಕುದ್ಯಾಕತ್ತಿರ್ತದ, ಗಿರಾಕಿ ನಿಂತಿರ್ತಾರ, ಗಿಲಾಸ್ ಇಲ್ಲ. ಈ ಪೆಟ್ಟಿಗಿ ಬಂದ್ ಮಾಡಿ ಚಾಲೂ ಮಾಡೋದಂದ್ರ ಎಲ್ಲಾ ಗಿಲಾಸ್ ಹುಡುಕಿ ತಂದು ತೊಳದಿಟ್ಟಂಗ. ಅದಕ್ಕ ಮತ್ತ ಒಂದೆರಡು ದಿನ ನಡೀತದ."

"ಗಿಲಾಸ್ ವಾಪಸ್ ಕೊಡದಾವ್ರು ಯಾರ್ರಿ?" ಎಂದರು ಬೀರಪ್ಪ.

"ಅದು ಇನ್ನ ಗೊತ್ತಿಲ್ಲ. ಆದ್ರ ನೀವಲ್ಲ" ಎಂದರು ಮೇಡಂ. ಆಮೇಲೆ ನನ್ನ ಕಡೆ ತಿರುಗಿ, "ಈಗ ಒತ್ರಿ. ಮಂದಿ ಕಾಯಾಕತ್ತಾರ" ಎಂದರು.

ಯಾರು ಎಂಬುದಕ್ಕೆ ಉತ್ತರ ಹುಡುಕಲು ಅವರು ಹುಮನಾಬಾದಿನಲ್ಲಿದ್ದ ಬಿಡಿ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟುಕೊಂಡರು. ಪೆಟ್ಟಿಗೆಯ ಜೊತೆ ಬಂದಿದ್ದ ಪರೀಕ್ಷೆಗಳನ್ನೆಲ್ಲ ಮಾಡಿದರು, ಎಲ್ಲದರಲ್ಲೂ ಪಾಸು. ಕೆಲವು ದಿನ ಹೀಗೇ ಹೋಯಿತು. ಆಮೇಲೆ ಅವರ ಗಮನಕ್ಕೆ ಬಂದದ್ದು, ಆ ಪರೀಕ್ಷೆಗಳು ಕಳಿಸುತ್ತಿದ್ದವೆಲ್ಲ ಒಂದೇ ಖಾನೆಯಲ್ಲಿ ಹಿಡಿಯುವ ಸಣ್ಣ ಪ್ಯಾಕೆಟ್ಟುಗಳು. ತಾಲ್ಲೂಕು ಕಚೇರಿಯಿಂದ ಬರುತ್ತಿದ್ದವು ಅಂಥವಲ್ಲ. ದೊಡ್ಡ ಪ್ಯಾಕೆಟ್ಟುಗಳನ್ನು ಕಳಿಸಿ ನೋಡಿದರು. ಅವೂ ಸರಿಯಾಗಿ ಹೋದವು, ಖಾನೆಗಳು ಮರಳಿ ಬಂದವು. ಹಾಗಾದರೆ ಅರ್ಧ ದಾರಿಯಲ್ಲಿ ಮುರಿದ ದೊಡ್ಡ ಪ್ಯಾಕೆಟ್ಟು?

ಅದನ್ನು ಮುರಿಯುವುದಕ್ಕೆ ಸಪ್ಪಳ ಬೇಕು. ಬೀರಪ್ಪನವರಿಗೆ ಹೇಳಿಕಳಿಸಿದರು.

ಬೀರಪ್ಪ ಒಂದು ತುಂಡು ಕೇಬಲ್ ತಂದು, ಮೇಲಿನ ಸಿಪ್ಪೆ ಬಿಡಿಸಿ, ಒದ್ದೆ ಅರಿವೆ ಹಿಡಿದು ಕೂತರು. ದೊಡ್ಡ ಪ್ಯಾಕೆಟ್ಟುಗಳು ಹರಿಯುತ್ತಿರುವಾಗ ಮೇಡಂ "ಹೂಂ" ಎಂದರೆ ಅರಿವೆಯನ್ನು ತಂತಿಗೆ ತಾಗಿಸುವುದು, "ಸಾಕು" ಎಂದರೆ ತೆಗೆಯುವುದು. ತಮ್ಮ ಇಡೀ ಸೇವೆಯಲ್ಲಿ ಸಪ್ಪಳ ತೆಗೆಯುವ ಕೆಲಸ ಮಾಡಿದ್ದವರು ಈಗ ಸಪ್ಪಳ ಮಾಡುತ್ತಿದ್ದರು. ನಾನು ಪರದೆ ನೋಡುತ್ತಿದ್ದೆ. ತಾಗಿಸಿದಾಗ ಖಾಲಿ ಖಾನೆಗಳ ಸಂಖ್ಯೆ ಇಳಿಯಿತು. ತೆಗೆದ ಮೇಲೆ ಅದು ಮೇಲೇರಲಿಲ್ಲ. ಮತ್ತೆ ತಾಗಿಸಿದರು. ಮತ್ತೆ ಇಳಿಯಿತು, ಅಲ್ಲೇ ನಿಂತಿತು.

ದೊಡ್ಡ ಪ್ಯಾಕೆಟ್ಟು ಬರುವಾಗ ಪೆಟ್ಟಿಗೆ ಅದಕ್ಕೆ ಖಾನೆಯ ಮೇಲೆ ಖಾನೆ ಕೊಡುತ್ತ ಹೋಗುತ್ತದೆ. ನಡುವೆ ಮುರಿದರೆ ಅದನ್ನು ಬಿಸಾಡಬೇಕು, ಕೊಟ್ಟ ಖಾನೆಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಬೇಕು. ಈ ಪೆಟ್ಟಿಗೆ ಕೊನೆಯ ಖಾನೆಯೊಂದನ್ನಷ್ಟೇ ಹಿಂದಕ್ಕೆ ಪಡೆದು, ಮುಂಚಿನವನ್ನು ಮರೆತುಬಿಡುತ್ತಿತ್ತು. ಒಳಗಿನ ಎಲೆಕ್ಟ್ರಾನಿಕ್ ಚಿಪ್‌ನ ವಿನ್ಯಾಸದಲ್ಲೇ ಆದ ತಪ್ಪು.

ಮೇಡಂ ಎದ್ದು ಬೀರಪ್ಪನವರ ಎರಡೂ ಕೈ ಹಿಡಿದುಕೊಂಡರು, ಒದ್ದೆ ಅರಿವೆಯ ಸಮೇತ. "ಸಿಕ್ತು ನೋಡ್ರಿ!" ಎಂದು ಕೂಗಿದ್ದಕ್ಕೆ ಪಕ್ಕದ ಕೋಣೆಯವರು ಓಡಿಬಂದರು.

ಕಷ್ಟದ ಭಾಗ ಇನ್ನೂ ಮುಂದಿತ್ತು. ಬೀದರಿನ ಅಧಿಕಾರಿ ಕೆಟ್ಟವರಲ್ಲ, ಮೈಸೂರು ಕಡೆಯ ಸಜ್ಜನರು. ಮೇಡಂ ನನ್ನನ್ನೂ ಕರೆದುಕೊಂಡು ಹೋಗಿ ಹೇಳಿದಾಗ, ಪೆಟ್ಟಿಗೆಯ ದೋಷ ಕಂಡುಹಿಡಿದ ಬಗೆಯನ್ನು ಮೆಚ್ಚಿಕೊಂಡೇ ಕೇಳಿದರು. ಮೇಡಂಗೆ ಆ ವರ್ಷ ಬಡ್ತಿ ಬರಲಿದೆಯೆಂಬುದು ಅವರಿಗೆ ಗೊತ್ತಿತ್ತು. "ನೋಡಿ ಮೇಡಂ, ಮೊದಲು ನೀವೇ ಕೇಬಲ್ ದೋಷ ಅಂತ ಬರೆದಿದ್ದೀರಿ. ಈಗ ಅದು ಸುಳ್ಳು ಅಂದರೆ ನಿಮ್ಮ ಮೇಲೇ ಬರುತ್ತೆ. ಎರಡೂ ಕಡೆ ಸ್ವಲ್ಪ ಸ್ವಲ್ಪ ದೋಷ ಇತ್ತು ಅಂತ ಬರೆಯಿರಿ. ಆ ಲೈನ್‌ಮನ್‌ಗೆ ಒಂದು ಎಚ್ಚರಿಕೆ ಕೊಟ್ಟು ಮುಗಿಸಿಬಿಡೋಣ. ಯಾರಿಗೂ ನಷ್ಟ ಇಲ್ಲ."

"ಎಚ್ಚರಿಕಿ ಯಾತಕ್ಕ ಸಾಹೇಬ್ರ? ಅವ್ರು ಏನ್ ಮಾಡ್ಯಾರ?"

"ಏನೂ ಮಾಡಿಲ್ಲ. ಆದರೆ ನಿಮ್ಮ ಬಡ್ತಿ..."

"ಬಡ್ತಿ ಬಂದ್ರ ಖುಷಿ ಆಗ್ತದ್ರಿ, ಸುಳ್ಳ್ ಯಾಕ ಹೇಳ್ಲಿ. ನಾ ಫಸ್ಟ್ ಬಂದಾಕಿ, ನನಗ ಸಿಗಬೇಕಾದ್ದೇ ಅದು. ಆದ್ರ ಅವರ ಇಜ್ಜತ್ ಅರ್ಧಾ ಇಟ್ಕೊಂಡು ಅರ್ಧಾ ವಾಪಸ್ ಕೊಡಾಕ ನನಗ ಆಗಂಗಿಲ್ಲ."

ವಿಚಾರಣೆಯ ದಿನ ಅವರು ಲಿಖಿತ ಹೇಳಿಕೆಯನ್ನು ಕೊಟ್ಟದ್ದಲ್ಲದೆ, ಎರಡೂ ಕೇಂದ್ರಗಳ ಸಿಬ್ಬಂದಿ ಕೂತಿದ್ದ ಕೋಣೆಯಲ್ಲಿ ಎದ್ದು ನಿಂತು ಹೇಳಿದರು. "ಮೊದ್ಲಿನ ವರದಿ ನಾ ನೋಡದ ಬರದಿದ್ದೆ. ಗಲ್ತಿ ನಂದು. ಬೀರಪ್ಪನವರ ಕೆಲಸ ಸಾಫ್ ಅದ, ನಾ ಕೈ ಮುಟ್ಟಿ ನೋಡೀನಿ." ದನಿ ಯಾವತ್ತಿನ ಹಾಗೇ ಜೋರಾಗಿತ್ತು. ಕೊನೆಯ ಬೆಂಚಿನಲ್ಲಿದ್ದವರಿಗೂ ಕೇಳಿಸಿತು. ಬೀರಪ್ಪ ತಲೆ ತಗ್ಗಿಸಿ ಕೂತಿದ್ದರು. ಅವರ ಭುಜ ಅಲುಗುತ್ತಿದ್ದುದು ಕಂಡು ನಾನು ಬೇರೆ ಕಡೆ ನೋಡಿದೆ. ನನ್ನ ಇಲಾಖೆಯ ಬಗ್ಗೆ ನನಗೆ ಅಷ್ಟು ಹೆಮ್ಮೆ ಅನಿಸಿದ್ದು ಅದಕ್ಕೂ ಮೊದಲಿಲ್ಲ, ಆಮೇಲೂ ಇಲ್ಲ.

ಚಾರ್ಜ್‌ಶೀಟ್ ಪೂರ್ತಿ ರದ್ದಾಯಿತು. ಮೇಡಂಗೆ, ಪರಿಶೀಲಿಸದೆ ವರದಿ ಕೊಟ್ಟದ್ದಕ್ಕೆ ಮೆಮೊ ಬಂತು, ಆ ವರ್ಷದ ಬಡ್ತಿ ತಪ್ಪಿತು. ನಾವು ಕೆಲವರು ಮೇಲ್ಮನವಿ ಸಲ್ಲಿಸೋಣ ಎಂದೆವು. "ಮೆಮೊದಾಗ ಸುಳ್ಳೇನ್ ಅದ?" ಎಂದು ಕೇಳಿದರು. ಅಲ್ಲಿಗೆ ಮುಗಿಯಿತು. ಬಡ್ತಿ ಆಮೇಲೆ ಬಂತೆನ್ನಿ, ತಡವಾಗಿ. ಬಂದ ದಿನ ಇಡೀ ಕೇಂದ್ರಕ್ಕೆ ಜಿಲೇಬಿ ಹಂಚಿ, ಬರಬೇಕಾದ್ದೇ ಬಂತು ಎಂದು ಹೇಳಿಕೊಂಡು ತಿರುಗಿದರು.

ಪೆಟ್ಟಿಗೆ ತಯಾರಿಸಿದವರು ಮೊದಲು ನಂಬಲಿಲ್ಲ. ನಮ್ಮ ಪರೀಕ್ಷೆಗಳಲ್ಲಿ ಹಾಗೇನೂ ಕಾಣುತ್ತಿಲ್ಲ ಎಂದು ಉತ್ತರಿಸಿದರು. ಮೇಡಂ ಜಗಳಕ್ಕೆ ಹೋಗದೆ, ದೊಡ್ಡ ಪ್ಯಾಕೆಟ್ಟು, ಒದ್ದೆ ಅರಿವೆ, ಎಲ್ಲವನ್ನೂ ವಿವರಿಸಿ, ಹೀಗೆ ಮಾಡಿ ನೋಡಿ ಎಂದು ತಿಳಿಸಿದರು. ಕೆಲವು ದಿನಗಳಲ್ಲಿ ಅಲ್ಲಿಂದ ಒಬ್ಬ ವಿನ್ಯಾಸಕಿ ಫೋನು ಮಾಡಿದಳು. ಸಂಖ್ಯೆ ಇಳಿಯಿತು, ಮೇಲೇರಲಿಲ್ಲ ಎಂದಳಂತೆ. ಆಮೇಲೆ ತಾನೇ ಹುಮನಾಬಾದಿಗೆ ಬಂದಳು. ಮೇಡಂ ಮತ್ತು ಆಕೆ ಕಾಗದದ ಮೇಲೆ ಕೊಂಡಿಗಳನ್ನು ಎಳೆದುಕೊಂಡು ವಾದಿಸಿದ್ದನ್ನು ನೋಡಿದರೆ ಹಳೆಯ ಗೆಳತಿಯರು ಎನ್ನಬೇಕು. ತಿದ್ದಿದ ಚಿಪ್ ಮುಂದಿನ ಮಳೆಗಾಲಕ್ಕೆ ಮುಂಚೆ ಬಂತು. ನಮಗಷ್ಟೇ ಅಲ್ಲ, ಆ ಪೆಟ್ಟಿಗೆ ಇದ್ದ ಎಲ್ಲ ಊರುಗಳಿಗೂ ಹೋಯಿತು.

ಕೆಲವು ವರ್ಷಗಳ ನಂತರ ಇಲಾಖೆ ನನ್ನನ್ನು ತರಬೇತಿಗೆಂದು ಉತ್ತರದ ದೂರದ ಊರಿಗೆ ಕಳಿಸಿತು. ಬೇರೆ ಬೇರೆ ರಾಜ್ಯದವರು, ಹೊಸ ತಲೆಮಾರಿನ ಉಪಕರಣ. ಅದನ್ನು ಸೇವೆಗೆ ತೆಗೆದುಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆಗಳನ್ನು ಬೋಧಕರು ಒಂದೊಂದಾಗಿ ತೋರಿಸುತ್ತಿದ್ದರು. ಕೊನೆಗೆ, "ಈಗ ಹುಮನಾಬಾದ್ ಟೆಸ್ಟ್ ಮಾಡೋಣ. ದೊಡ್ಡ ಪ್ಯಾಕೆಟ್ಟುಗಳನ್ನು ಕಳಿಸಿ, ನಡುವೆ ಮುರಿದು, ಎಲ್ಲ ಬಫರುಗಳೂ ವಾಪಸ್ ಬಂದವೇ ಎಂದು ನೋಡುವುದು" ಎಂದರು.

ನನಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಡಿಶಾದ ಹುಡುಗಿ ಕೈಯೆತ್ತಿ ಹುಮನಾಬಾದ್ ಅಂದರೆ ಯಾರು ಎಂದು ಕೇಳಿದಳು. ಬೋಧಕರು ಸ್ವಲ್ಪ ಯೋಚಿಸಿ, ಅದನ್ನು ಕಂಡುಹಿಡಿದ ವಿಜ್ಞಾನಿಯ ಹೆಸರಿರಬೇಕು ಎಂದರು.

ನಾನು ಎದ್ದು ನಿಂತೆ. ಅದು ಊರು, ನಮ್ಮ ಕಡೆಯ ಊರು ಎಂದು ಶುರುಮಾಡಿ, ಬೂಟು ಹಾಕಿದ ಮೇಡಂನಿಂದ ಬೀರಪ್ಪನವರ ಒದ್ದೆ ಅರಿವೆಯವರೆಗೆ ಎಲ್ಲವನ್ನೂ ಹೇಳಿದೆ. ನನ್ನ ಹರಕು ಹಿಂದಿಯಲ್ಲಿ ಎಷ್ಟು ಹೊತ್ತು ಮಾತಾಡಿದೆನೋ ಗೊತ್ತಿಲ್ಲ. ಬೋಧಕರು ಹಲಗೆಗೆ ಒರಗಿ ಕೇಳಿಸಿಕೊಂಡರು. ಮುಗಿದ ಮೇಲೆ ಅವರೇ ಮೊದಲು ಚಪ್ಪಾಳೆ ತಟ್ಟಿದರು.

ಸಂಜೆ ಹುಮನಾಬಾದಿಗೆ, ಮೇಡಂಗೆ ಫೋನು ಮಾಡಿದೆ. ಪರೀಕ್ಷೆಗೆ ನಿಮ್ಮ ಊರಿನ ಹೆಸರು ಬಂದಿದೆ, ಇಲ್ಲಿ ದೇಶದ ಮೂಲೆಮೂಲೆಯವರು ಅದನ್ನು ಕಲಿಯುತ್ತಿದ್ದಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ನಾ ಹೇಳಿದ್ನಿಲ್ಲ, ನಾ ಫಸ್ಟ್ ಬಂದಾಕಿ ಎಂಬ ಮಾತಿಗೆ ಕಾಯುತ್ತಿದ್ದೆ.

ಆ ಕಡೆಯಿಂದ ಆ ದೊಡ್ಡ ದನಿ ಎಂದೂ ಕೇಳದಷ್ಟು ಸಣ್ಣದಾಗಿ ಬಂತು.

"ಬೀರಪ್ಪನವ್ರಿಗಿ ಹೇಳಿದ್ರೇನ್ರಿ? ಮೊದ್ಲ ಅವ್ರಿಗಿ ಹೇಳ್ರಿ. ತಂತಿ ಹಿಡದಾವ್ರು ಅವ್ರು."